ಶಾಲು, ಹಾರ ಮತ್ತು ಯುವಶಕ್ತಿ

ಯುವಕ ಸಂಘವೆಂದರೆ ಬ್ಯಾನರ್ ಹುಚ್ಚು ಎಂದು ಮೂಗು ಮುರಿಯುವವರು ಕಲಬುರಗಿಯಲ್ಲೂ ಇದ್ದಾರೆ, ಕಮಲಾಪುರದಲ್ಲೂ ಇದ್ದಾರೆ. ಬ್ಯಾನರಿನಲ್ಲಿ ವಿವೇಕಾನಂದರಿಗಿಂತ ಪದಾಧಿಕಾರಿಗಳ ಮುಖವೇ ದೊಡ್ಡದು, ಒಪ್ಪೋಣ. 2014ರ ರಾಷ್ಟ್ರೀಯ ಯುವ ನೀತಿಯ ಪ್ರಕಾರ ಯೌವನ 29ಕ್ಕೆ ಮುಗಿಯುತ್ತದೆ. ಸಂಘದ ಅಧ್ಯಕ್ಷರಿಗೆ ಅದು ಅಲ್ಲಿಂದಲೇ ಶುರು, ಅದನ್ನೂ ಒಪ್ಪೋಣ. ಆದರೆ ಜನವರಿ 12ರ ಯುವ ದಿನಕ್ಕೆ ಹತ್ತು ಗಂಟೆಯೆಂದು ಅಚ್ಚು ಹಾಕಿಸಿ, ಹನ್ನೆರಡಕ್ಕೆ ಬರುವ ಅತಿಥಿಗಾಗಿ 'ಹಲೋ, ಮೈಕ್ ಚೆಕ್' ಅನ್ನುತ್ತಲೇ ಜನರನ್ನು ಹಿಡಿದಿಡುವುದು, ಶಾಮಿಯಾನದವನ ಬಾಕಿ ತೀರಿಸುವುದು, ಎರಡು ಓಣಿಗಳ ಕಬಡ್ಡಿ ಜಗಳ ಬಿಡಿಸುವುದು ಯಾವ ಕಾಲೇಜಿನ ಪಾಠದಲ್ಲಿದೆ?

ಸನ್ಮಾನಕ್ಕೇ ಅರ್ಧ ದಿನ ಹೋಗುತ್ತದಲ್ಲ ಎನ್ನಬಹುದು. ಹೋಗಲಿ, ಶಾಲಿನ ಬಗ್ಗೆ ಮಾತ್ರ ನನ್ನ ತಕರಾರಿದೆ. ಕಲಬುರಗಿಯ ಮೇ ಬಿಸಿಲಲ್ಲಿ ಶಾಲು ಹೊದಿಸುವುದು ಗೌರವವಲ್ಲ, ಶಿಕ್ಷೆ. ಬದಲಿಗೆ ಕಮಲಾಪುರದ ಕೆಂಪು ಬಾಳೆಹಣ್ಣಿನ ಚಿಪ್ಪು ಕೊಡಲಿ. ಅತಿಥಿ ಭಾಷಣವನ್ನಾದರೂ ಬೇಗ ಮುಗಿಸಿಯಾರು.