ಟಿಸಿ ಸುಟ್ಟ ಊರಿಗೆ ಫೈವ್ ಸ್ಟಾರ್

ಯಾದಗಿರಿ ಜಿಲ್ಲೆಯ ಕೊಂಕಲ್‌ನಲ್ಲಿ ಫೈವ್ ಸ್ಟಾರ್ ಹೋಟೆಲ್ ಇಲ್ಲವೆಂದು ಯಾರೂ ಮರುಗಬೇಕಾಗಿಲ್ಲ. ದಿಲ್ಲಿಯ ಲೆಕ್ಕ ಹಿಡಿದರೆ ಇಲ್ಲಿನ ಕಿರಾಣಿ ಅಂಗಡಿ, ಜೆರಾಕ್ಸ್ ಅಂಗಡಿ, ಚಹಾದಂಗಡಿ ಎಲ್ಲವೂ ಫೈವ್ ಸ್ಟಾರೇ.

ಫ್ರಿಜ್ಜಿಗೆ, ಎ.ಸಿ.ಗೆ ನಕ್ಷತ್ರ ಅಂಟಿಸುವ ಇಂಧನ ದಕ್ಷತಾ ಬ್ಯೂರೋ 2009ರಿಂದ ಕಚೇರಿ ಕಟ್ಟಡಗಳಿಗೂ ಅಂಟಿಸುತ್ತಿದೆ. ವರ್ಷವಿಡೀ ಉರಿದ ಯೂನಿಟ್ಟನ್ನು ಕಟ್ಟಡದ ವಿಸ್ತೀರ್ಣದಿಂದ ಭಾಗಿಸಿದರೆ ಮುಗಿಯಿತು. ಯೋಜನೆ ಶುರುವಾದಾಗಿನ ಪಟ್ಟಿಯಂತೆ, ಒಣ ಬಿಸಿಲ ಸೀಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗಕ್ಕೆ ಎ.ಸಿ. ಇದ್ದರೆ ಚದರ ಮೀಟರಿಗೆ 80 ಯೂನಿಟ್ಟಿನ ಒಳಗೆ, ಅದಕ್ಕಿಂತ ಕಡಿಮೆ ಇದ್ದರೆ 35ರ ಒಳಗೆ ಬಂದವರಿಗೆ ಐದು ನಕ್ಷತ್ರ. ಒಳಗೆ ಕೂತವರು ಬೆಂದರೋ ಬದುಕಿದರೋ ಎಂಬ ಕಾಲಮ್ಮು ಈ ಭಾಗಾಕಾರದಲ್ಲಿಲ್ಲ.

ಒಬ್ಬ ಆಡಿಟರ್ ಸಾಹೇಬರು ಕೊಂಕಲ್‌ಗೆ ಬಂದರು ಅಂದುಕೊಳ್ಳಿ.

"ಇಷ್ಟು ಕಡಿಮೆ ಯೂನಿಟ್! ಹೇಗೆ ಸಾಧಿಸಿದಿರಿ?"

"ಸಾಧಿಸೋದೇನ್ ಬಂತ್ರೀ ಸಾಹೇಬ್ರ, ಟಿಸಿ, ಅದೇ ಟ್ರಾನ್ಸ್‌ಫಾರ್ಮರ್, ಸುಟ್ಟು ನಾಕ್ ದಿನ ಆಯ್ತು. ಕರೆಂಟ್ ಬಂದ್ರ ಮೀಟರ್ ತಿರಗ್ತದ."

ಉಪವಾಸ ಬಿದ್ದವನಿಗೆ ಪಥ್ಯದಲ್ಲಿ ಪ್ರಥಮ ಬಹುಮಾನ ಕೊಟ್ಟ ಹಾಗೆ. ಆದರೆ ಆ ಬಹುಮಾನವೂ ಅಂಗಡಿಯವನಿಗೆ ದಕ್ಕುವುದಿಲ್ಲ. ಯೋಜನೆ ಇರುವುದು 100 ಕಿಲೋವ್ಯಾಟ್ ಮತ್ತು ಅದಕ್ಕೂ ಮೇಲಿನ ಲೋಡಿನ ಕಟ್ಟಡಗಳಿಗೆ. ಮಿತವ್ಯಯದ ಪ್ರಮಾಣಪತ್ರ ಬೇಕೆಂದರೆ ಮೊದಲು ದುಂದುಗಾರನಾಗುವ ಯೋಗ್ಯತೆ ಬೇಕು. ಅಂಥ ದೊಡ್ಡವರಿಗೂ ಇದು ಐಚ್ಛಿಕ. ಇಂಗ್ಲೆಂಡಿನಲ್ಲಿ ಹಾಗಲ್ಲ, ಕಟ್ಟಡಗಳಿಗೆ ಎ ಇಂದ ಜಿ ತನಕ ದರ್ಜೆ ಕೊಡುತ್ತಾರೆ. 2023ರ ಏಪ್ರಿಲ್‌ನಿಂದ, ಕೆಲವು ವಿನಾಯಿತಿ ಬಿಟ್ಟರೆ, ಇ ದರ್ಜೆಗಿಂತ ಕೆಳಗಿನ ವಾಣಿಜ್ಯ ಕಟ್ಟಡವನ್ನು ಬಾಡಿಗೆಗೆ ಕೊಡುವಂತಿಲ್ಲ. ನಮ್ಮಲ್ಲಿ ಬಾಡಿಗೆಗೆ ಬೇಕಾದದ್ದು ಅಡ್ವಾನ್ಸು.

ನಮ್ಮ ಹಳೇ ಮನೆಗಳ ದಪ್ಪ ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ಕಾಲಿಗೆ ತಂಪಾಗುವ ಶಹಾಬಾದಿ ಪರಸಿ ಇವಕ್ಕೆಲ್ಲ ಯಾರೂ ನಕ್ಷತ್ರ ಕೊಡಲಿಲ್ಲ. ಈಗ ಪೇಟೆಯ ಮೇನ್ ರೋಡಿನಲ್ಲಿ ಪಡುವಣಕ್ಕೆ ಮುಖ ಮಾಡಿ ಗಾಜು ಹಚ್ಚಿ ನಿಲ್ಲಿಸುತ್ತಾರೆ, ಅದಕ್ಕೆ ಎಲಿವೇಶನ್ ಎಂದು ಹೆಸರು. ಮಧ್ಯಾಹ್ನದ ಝಳ ನೇರ ಒಳಗೆ. ತಡೆಯಲು ಪರದೆ ಎಳೆದರು. ಕತ್ತಲಾಯಿತು, ಟ್ಯೂಬ್‌ಲೈಟ್ ಹಾಕಿದರು. ಸೆಕೆ ಹೋಗಲಿಲ್ಲ, ಎ.ಸಿ. ಕೂಡಿಸಿದರು. ಇಷ್ಟಾದ ಮೇಲೆ ಎ.ಸಿ. ಮೇಲಿರುವ ಐದು ನಕ್ಷತ್ರ ತೋರಿಸಿ ಮಾಲಕರು ನಗುತ್ತಾರೆ!

ವಾಣಿಜ್ಯ ಕಟ್ಟಡಗಳ ಇಂಧನ ಸಂರಕ್ಷಣಾ ಸಂಹಿತೆ ಬಂದದ್ದು 2007ರಲ್ಲಿ. ಯಾದಗಿರಿ ಜಿಲ್ಲೆ ಹುಟ್ಟಿದ್ದು ಆಮೇಲೆ, 2009ರ ಡಿಸೆಂಬರ್ 30ಕ್ಕೆ. ಅಂದರೆ ಜಿಲ್ಲೆಯ ಹೆಸರಲ್ಲಿ ಕಟ್ಟಿದ ಸರ್ಕಾರಿ ಕಟ್ಟಡಗಳೆಲ್ಲ ಈ ಸಂಹಿತೆಗಿಂತ ಚಿಕ್ಕವು. ಹಾಗಿದ್ದೂ ಏಪ್ರಿಲ್, ಮೇ ಬಂತೆಂದರೆ ಕಲಬುರಗಿ ವಿಭಾಗದ ಕಚೇರಿಗಳ ವೇಳೆ ಬೆಳಿಗ್ಗೆ 8ರಿಂದ 1.30ಕ್ಕೆ ಇಳಿಯುತ್ತದೆ. ಬಿಸಿಲಿಗೆ ಸರ್ಕಾರವನ್ನು ದೂರುವುದು ತಪ್ಪು. ಆದರೆ ಮಧ್ಯಾಹ್ನದ ಮೇಲೆ ನಮ್ಮ ಕಟ್ಟಡದಲ್ಲಿ ಕೂರಲಾಗದು ಎಂದು ಸರ್ಕಾರವೇ ಸಹಿ ಹಾಕಿ ಹೊರಡಿಸುವ ಈ ಆದೇಶಕ್ಕಿಂತ ಪ್ರಾಮಾಣಿಕ ಪ್ರಮಾಣಪತ್ರ ಇನ್ನೊಂದಿದೆಯೇ? ಬೇಗ ಬೀಗ ಹಾಕಿದ್ದಕ್ಕೆ ಯೂನಿಟ್ಟೂ ಉಳಿಯಿತು, ನಕ್ಷತ್ರಕ್ಕೂ ಹತ್ತಿರವಾಯಿತು.

ಜಿಲ್ಲಾಡಳಿತಕ್ಕೆ ಒಂದೇ ಬಿನ್ನಹ. ಪ್ರತಿ ಸರ್ಕಾರಿ ಕಚೇರಿಯ ಬಾಗಿಲಿಗೆ ಚದರ ಮೀಟರಿಗೆ ಎಷ್ಟು ಯೂನಿಟ್ ಉರಿಯಿತೆಂದು ಬರೆದು ಹಾಕಿ. ಅದರ ಪಕ್ಕದಲ್ಲೇ, ಮೇ ತಿಂಗಳ ಮಧ್ಯಾಹ್ನ 3 ಗಂಟೆಗೆ ಒಳಗೆ ಎಷ್ಟು ಡಿಗ್ರಿ ಇತ್ತೆಂದೂ ಬರೆಯಿರಿ. ನಕ್ಷತ್ರ ಎಷ್ಟು ಕೊಡಬೇಕೆಂಬುದನ್ನು ಹೊರಗೆ ಸರದಿಯಲ್ಲಿ ನಿಂತ ರೈತರು ಹೇಳುತ್ತಾರೆ.