ಆಚಂದ್ರಾರ್ಕ ಮತ್ತು ಮಾರ್ಚ್ 31

ಊರಿನ ಚರಿತ್ರೆ ಬರೆದುಬಿಡಬಹುದು. ಅದಕ್ಕೆ ಅನುದಾನ ಕೇಳುವ ಅರ್ಜಿ ಬರೆಯುವುದಿದೆಯಲ್ಲ, ಅದು ಕಷ್ಟ. ಚರಿತ್ರೆಯಲ್ಲಿ ತೊಡಕು ಬಂದ ಕಡೆ ‘ಹಿರಿಯರು ಹೇಳುವಂತೆ’ ಎಂದು ದಾಟಿಕೊಳ್ಳುವ ಸೌಲಭ್ಯವುಂಟು. ಅರ್ಜಿಯಲ್ಲಿ ಹಿರಿಯರ ಮಾತು ನಡೆಯುವುದಿಲ್ಲ, ಅವರ ಆಧಾರ್ ಕಾರ್ಡಿನ ಜೆರಾಕ್ಸ್ ನಡೆಯುತ್ತದೆ.

ನಮ್ಮೂರಿನ ಕೆರೆ, ವೀರಗಲ್ಲು, ನಿಂತುಹೋದ ಸಂತೆ, ಪ್ಲೇಗಿನ ಕಾಲದಲ್ಲಿ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡದ್ದು, ಇವನ್ನೆಲ್ಲ ಒಂದು ಪುಸ್ತಕ ಮಾಡಬೇಕೆಂದು ಸಂಘ ಕಟ್ಟಿದೆವು. ನಿವೃತ್ತ ಹೆಡ್‌ಮೇಷ್ಟ್ರು ಅಧ್ಯಕ್ಷರು. ನುಡಿಯಲ್ಲಿ ಟೈಪ್ ಮಾಡಲು ಬರುತ್ತದೆಂಬ ಒಂದೇ ಅರ್ಹತೆಯ ಮೇಲೆ ನಾನು ಕಾರ್ಯದರ್ಶಿ. 1960ರ ಸಂಘಗಳ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿ, ಠರಾವಿನ ನಕಲು, ಮೂರು ವರ್ಷದ ಆಡಿಟ್ ವರದಿ ಎಲ್ಲವನ್ನೂ ಲಗತ್ತಿಸಿದ್ದಾಯಿತು. ‘ಫಲಾನುಭವಿಗಳ ಸಂಖ್ಯೆ’ ಎಂಬ ಕಾಲಂ ಬಂದಾಗ ಮೇಷ್ಟ್ರು ಕನ್ನಡಕ ಒರೆಸಿಕೊಂಡು, “ತುರುಗಾಳಗದಲ್ಲಿ ಸತ್ತನಲ್ಲ ಆ ವೀರ, ಅವನನ್ನೂ ಸೇರಿಸೋಣವೇನಪ್ಪ? ಇಷ್ಟು ವರ್ಷಕ್ಕೆ ಅವನ ಹೆಸರು ಅಚ್ಚಾಗ್ತಿದೆ” ಎಂದರು. ಅವನ ಬ್ಯಾಂಕ್ ಪಾಸ್‌ಬುಕ್ ಕೇಳಿದರೆ ಕಷ್ಟವೆಂದು ಬಿಟ್ಟೆವು.

ಕಚೇರಿಯ ಗುಮಾಸ್ತರು ಪುಟ ತಿರುವುತ್ತ ‘ಸಂದರ್ಶನ ವೆಚ್ಚ’ದ ಮೇಲೆ ಬೆರಳಿಟ್ಟರು.

“ಇದಕ್ಕೆ ಮೂರು ಕೊಟೇಶನ್ ಎಲ್ಲಿ?”

“ಪ್ಲೇಗಿನ ಕತೆ ಗೊತ್ತಿರೋದು ಗೌಡರ ಮನೆ ಅಜ್ಜಿ ಒಬ್ಬರಿಗೇ, ಸಾರ್. ಅವರ ಅತ್ತೆ ಹೇಳಿದ್ದಂತೆ.”

“ಹಾಗಾದ್ರೆ ಸಿಂಗಲ್ ಟೆಂಡರ್ ಆಗುತ್ತೆ ಕಣ್ರೀ. ಆಡಿಟ್ ಅಬ್ಜೆಕ್ಷನ್ ಬರುತ್ತೆ. ಇನ್ನಿಬ್ಬರು ಅಜ್ಜಿಯರನ್ನ ನೋಡಿ.”

ವಿಷಯ ತಿಳಿದ ಅಜ್ಜಿ ಕುಟ್ಟಾಣಿ ಕೆಳಗಿಟ್ಟಿತು. “ಆ ಮೂಲೆ ಮನೆಯೋಳ್ನ ಕೇಳಿದ್ರೆ ನಾ ಬಾಯಿ ಬಿಡಾಕಿಲ್ಲ. ಸೊಸೆಯಾಗಿ ಬಂದೋಳು, ಅವಳಿಗೇನು ಗೊತ್ತು ನಮ್ಮೂರು!” ತಾನೂ ಈ ಊರಿಗೆ ಸೊಸೆಯಾಗಿಯೇ ಬಂದದ್ದೆಂಬುದು ಅಜ್ಜಿಗೆ ಎಂದೋ ಮರೆತುಹೋಗಿದೆ.

ಹಿಂದಿನವರಿಗೆ ಈ ತಾಪತ್ರಯ ಇರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೆಗೆ ಬಂದ ಕಾಲಿನ್ ಮೆಕೆಂಜಿ, ಕಾವಲಿ ವೆಂಕಟ ಬೋರಯ್ಯನಂಥವರನ್ನು ಊರೂರಿಗೆ ಕಳಿಸಿ ಕೈಫಿಯತ್ತುಗಳನ್ನು, ಅಂದರೆ ಆಯಾ ಊರಿನ ವೃತ್ತಾಂತಗಳನ್ನು, ಸಂಗ್ರಹಿಸಿದ. ಬಿ.ಎಲ್. ರೈಸ್ 1886ರಲ್ಲಿ ಕೊಡಗಿನ ಶಾಸನಗಳಿಂದ ಎಪಿಗ್ರಾಫಿಯಾ ಕರ್ನಾಟಿಕ ಶುರು ಮಾಡಿದರು. ಇಬ್ಬರ ಬೆನ್ನಿಗೂ ಸರ್ಕಾರವಿತ್ತು, ನಿಜ. ಆದರೆ ಶಾನುಭೋಗನ ನೆನಪಿಗೆ ತುಲನಾತ್ಮಕ ದರಪಟ್ಟಿ ತಯಾರಿಸಿದ್ದನ್ನು ನಾನಂತೂ ಎಲ್ಲೂ ಓದಿಲ್ಲ.

ತಮಾಷೆಯೆಂದರೆ, ನಮ್ಮೂರ ಗುಡಿಯ ಹಿಂದೆ ಕಲ್ಲುಹೂವು ಹಿಡಿದು ನಿಂತಿರುವ ದತ್ತಿ ಶಾಸನವೂ ಅನುದಾನದ ಆದೇಶವೇ. ಕೊಟ್ಟವರಾರು, ಪಡೆದವರಾರು, ಗದ್ದೆಯ ಎಲ್ಲೆ ಯಾವುದು, ಎಲ್ಲ ಒಂದೇ ಕಲ್ಲಿನಲ್ಲಿ ಮುಗಿದಿದೆ. ಅವಧಿ ಸೂರ್ಯಚಂದ್ರರಿರುವ ತನಕ. ಹಣಬಳಕೆ ಪ್ರಮಾಣಪತ್ರದ ಜಾಗದಲ್ಲಿ ಇಂಥ ಶಾಸನಗಳಲ್ಲಿ ಶಾಪವಿರುತ್ತದೆ: ದತ್ತಿಯನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ, ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುತ್ತಾನೆ. ಲೆಕ್ಕ ಪರಿಶೋಧಕರಿಗೆ ಕಾಫಿ ತರಿಸುವ ಖರ್ಚೂ ಇಲ್ಲ. ನಮ್ಮ ಅನುದಾನಕ್ಕೆ ಸೂರ್ಯಚಂದ್ರರ ಸಾಕ್ಷಿ ಸಾಲದು. ಮಾರ್ಚ್ 31 ದಾಟಿದರೆ ಸೂರ್ಯ ಮಾಮೂಲಾಗಿ ಹುಟ್ಟುತ್ತಾನೆ, ಹಣ ಮಾತ್ರ ಲ್ಯಾಪ್ಸ್. ಮಂಜೂರಾತಿ ಪತ್ರ ಬರುವುದೂ ಸಾಮಾನ್ಯವಾಗಿ ಮಾರ್ಚ್ ನಡುವಿನಲ್ಲೇ ಎಂದು ಬಲ್ಲವರು ಎಚ್ಚರಿಸಿದ್ದಾರೆ. ನೂರಾರು ವರ್ಷದ ಇತಿಹಾಸವನ್ನು ಹದಿನೈದು ದಿನದಲ್ಲಿ ಖರ್ಚು ಹಾಕಬೇಕು.

ಅರ್ಜಿ ಈಗ ‘ಪರಿಶೀಲನೆಯಲ್ಲಿದೆ’. ಅಜ್ಜಿಯ ಕತೆಯನ್ನು ಮೇಷ್ಟ್ರ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆವು. ಖರ್ಚು ಒಂದು ಕವಳೆ ಎಲೆ, ಒಂದಿಷ್ಟು ಅಡಿಕೆ. ಜಿಎಸ್‌ಟಿ ರಸೀದಿ ಸಿಗಲಿಲ್ಲ. ನಿಮ್ಮೂರಲ್ಲೂ ಅಂಥ ಅಜ್ಜಿ ಇದ್ದರೆ ಮಂಜೂರಾತಿಗೆ ಕಾಯದೆ ಈ ಭಾನುವಾರವೇ ಹೋಗಿ ಕೂತುಬಿಡಿ.