ಮಾಜಿ ಶಿರಸ್ತೇದಾರರ ಹಾಲಿ ಕಚೇರಿ

ಹಳೇ ಮೈಸೂರು ಸೀಮೆಯ ಯಾವ ಬಡಾವಣೆಗೆ ಹೋದರೂ ಒಬ್ಬ ನಿವೃತ್ತ ಶಿರಸ್ತೇದಾರರು ಸಿಕ್ಕೇ ಸಿಗುತ್ತಾರೆ. ಗುರುತು ಹಿಡಿಯುವುದು ಕಷ್ಟವಲ್ಲ. ಇಸ್ತ್ರಿ ಮಾಡಿದ ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನೀಲಿಯದು ತಾವು ಬರೆಯುವುದಕ್ಕೆ, ಕೆಂಪಿನದು ಬೇರೆಯವರು ಬರೆದದ್ದನ್ನು ತಿದ್ದುವುದಕ್ಕೆ. ಕಂಕುಳಲ್ಲೊಂದು ಫೈಲು. ಒಳಗಿರುವುದು ಕರೆಂಟು ಬಿಲ್ಲೊಂದೇ ಆದರೂ ಫೈಲಿಗೆ ದಾರ ಕಟ್ಟಿರುತ್ತದೆ.

ನಮ್ಮ ಬೀದಿಯ ಶಿರಸ್ತೇದಾರರು ದಾಖಲೆ ಪ್ರಕಾರ ಹುಟ್ಟಿದ್ದು 1964ರ ಜೂನ್ 1ರಂದು. ಅವರ ಓರಗೆಯ ಸರ್ಕಾರಿ ನೌಕರರಲ್ಲಿ ಎಷ್ಟೋ ಜನ ಹುಟ್ಟಿದ್ದು ಜೂನ್ 1ಕ್ಕೇ. ಅವತ್ತೊಂದೇ ದಿನ ಸೂಲಗಿತ್ತಿಯರಿಗೆ ಪುರುಸೊತ್ತಿರಲಿಲ್ಲ ಎಂದು ಯಾರೂ ತಿಳಿಯಬೇಕಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು "ಯಾವಾಗ ಹುಟ್ಟಿದ್ದು?" ಎಂದು ಕೇಳಿ, ಅಪ್ಪ "ಕೆರೆ ಕೋಡಿ ಬಿದ್ದ ವರ್ಷ ಸ್ವಾಮಿ" ಎಂದು ಹೇಳಿ, ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿ ದಯಪಾಲಿಸಿದ ಜನ್ಮದಿನ ಅದು. ತಿಂಗಳ ಒಂದನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕಡೇ ದಿನವೇ ನಿವೃತ್ತರಾಗಬೇಕೆನ್ನುವುದು ನಿಯಮ. ಹಾಗಾಗಿ ಕಚೇರಿಗಳಲ್ಲಿ ಮೇ 31 ಅಂದರೆ ಸಾಮೂಹಿಕ ಬೀಳ್ಕೊಡುಗೆ. ಒಂದೇ ವೇದಿಕೆ, ನಾಲ್ಕು ಮೈಸೂರು ಪೇಟ, ನಾಲ್ವರಿಗೂ ಹೊಂದುವ ಒಂದೇ ಭಾಷಣ.

2024ರ ಮೇ 31ರ ಸಂಜೆ ಪೇಟ, ಗಂಧದ ಹಾರ, ಹಣ್ಣಿನ ಬುಟ್ಟಿಗಳ ಸಮೇತ ಮನೆಗೆ ಬಂದ ಶಿರಸ್ತೇದಾರರಿಗೆ ಎರಡೇ ತಿಂಗಳಲ್ಲಿ ಮೇಷ್ಟ್ರ ಮೇಲೆ ಸಿಟ್ಟು ಬಂತು. 7ನೇ ವೇತನ ಆಯೋಗದ ದುಡ್ಡು ಕೈಗೆ ಸಿಗುವುದು 2024ರ ಆಗಸ್ಟ್ 1ರಿಂದ ಎಂದು ಆದೇಶವಾಯಿತು. ಪಿಂಚಣಿಯೇನೋ ಪರಿಷ್ಕರಣೆಯಾಯಿತು, ಗ್ರಾಚ್ಯುಟಿ ಮಾತ್ರ ಹಳೇ ಸಂಬಳದ ಲೆಕ್ಕದಲ್ಲೇ ಉಳಿಯಿತು.

"ಮೇಷ್ಟ್ರು ಜೂನ್ ಬದಲು ಆಗಸ್ಟ್ 1 ಅಂತ ಬರೆದಿದ್ದರೆ ಆಗ್ತಿತ್ತಲ್ವಾ ಸಾರ್?" ಎಂದೆ, ಸಮಾಧಾನಕ್ಕೆ.

"ಆಗಸ್ಟ್ 1 ಬರೆದರೆ ಜುಲೈ 31ಕ್ಕೇ ಕಳಿಸಿಬಿಡ್ತಾರಲ್ರೀ. ಆಗಸ್ಟ್ 2 ಅಂತ ಬರೀಬೇಕಿತ್ತು," ಎಂದರು. ನಿಯಮಾವಳಿ ಅರಿಯದವರ ಹತ್ತಿರ ದುಃಖ ತೋಡಿಕೊಳ್ಳುವುದೂ ಅವರಿಗೆ ಹಿಂಸೆ.

ಮೊದಲ ಕೆಲವು ವಾರ ಅವರು ಹತ್ತು ಗಂಟೆಗೆ ಸರಿಯಾಗಿ ಸ್ನಾನ, ತಿಂಡಿ ಮುಗಿಸಿ, ಬೂಟು ಹಾಕಿಕೊಂಡು ಹಾಲಿನ ಊಟದ ಮೇಜಿಗೆ ಬಂದು ಕೂತುಬಿಡುತ್ತಿದ್ದರು. ಆಮೇಲೆ ಏನು ಮಾಡಬೇಕೆಂಬುದು ಅವರಿಗೂ ಗೊತ್ತಿರಲಿಲ್ಲ, ಮೇಜಿಗೂ ಗೊತ್ತಿರಲಿಲ್ಲ. ಕಡೆಗೆ ಮನೆಯನ್ನೇ ಒಂದು ಕಚೇರಿಯಾಗಿ ನಡೆಸಲು ತೊಡಗಿದರು. ಫ್ರಿಜ್ಜಿನ ಪಕ್ಕದಲ್ಲಿ ಹಾಲಿನವನಿಗೆ ಹಾಜರಾತಿ ಪುಸ್ತಕ ಬಂತು. ಅವನು ಆರೂಕಾಲಕ್ಕೆ ಬಂದರೆ ಅವನ ಹೆಸರಿನ ಮುಂದೆ ಕೆಂಪು ಪೆನ್ನಿನಲ್ಲಿ "ವಿಳಂಬ". ದಿನಪತ್ರಿಕೆಗಾಗಿ ಸೊಸೆ ಮತ್ತು ಅವರ ನಡುವೆ ತಕರಾರು ಬಂದಾಗ ಸ್ಥಳ ತನಿಖೆ ನಡೆಸಿ ಪೋಡಿ ಮಾಡಿದರು: ಮುಖ್ಯ ಪತ್ರಿಕೆ ತಮಗೆ, ಪುರವಣಿ ಸೊಸೆಗೆ. ಗಡಿ ಗುರುತಿಗೆ ನಡುವೆ ಕನ್ನಡಕದ ಡಬ್ಬಿ ಇಟ್ಟರು. ಎರಡು ಸಾವಿರ ರೂಪಾಯಿ ಕೇಳಿದ ಮಗನಿಗೆ "ಪ್ರಸ್ತಾವನೆಯನ್ನು ಸಮರ್ಥನೆಯೊಂದಿಗೆ ಮರು ಮಂಡಿಸುವುದು" ಎಂದು ಚೀಟಿ ಕೊಟ್ಟರು. ಮಗ ಫೋನ್‌ಪೇಯಲ್ಲಿ ಅಮ್ಮನ ಹತ್ತಿರ ಇಸ್ಕೊಂಡ.

ಆಡಳಿತ ಅಡುಗೆಮನೆಯ ಹೊಸ್ತಿಲಿನವರೆಗೆ ಸುಸೂತ್ರವಾಗಿ ನಡೆಯಿತು. ಒಂದು ದಿನ ಹೊಸ್ತಿಲು ದಾಟಿ, ಸಾಸಿವೆ ಡಬ್ಬಿ ಎಡಕ್ಕೂ ಜೀರಿಗೆ ಡಬ್ಬಿ ಬಲಕ್ಕೂ ಇರಬೇಕೆಂದು ಮೌಖಿಕ ಆದೇಶ ಕೊಟ್ಟರು. ಮನೆಯವರು ಒಗ್ಗರಣೆ ಸೌಟು ಕೆಳಗಿಡದೆ ಹೇಳಿದರು: "ರೀ, ಈ ಅಡುಗೆಮನೆ ಪಹಣೀಲಿ 9ನೇ ಕಾಲಮ್ಮಲ್ಲಿ ಯಾರ ಹೆಸರಿದೆ ಅಂತ ನೋಡ್ಕೊಂಡು ಮಾತಾಡಿ." ಗಂಡ ಶಿರಸ್ತೇದಾರನಾದರೆ ಹೆಂಡತಿ ಭೂಕಂದಾಯವನ್ನು ಕೇಳಿಸಿಕೊಂಡೇ ಕಲಿತುಬಿಡುತ್ತಾಳೆ. ಖಾತೆದಾರರು ಹಾಜರಿರುವಾಗ ವಾದಿಸುವಂತಿರಲಿಲ್ಲ. ಹಿಂದಿರುಗಿ ಬಂದು ಜಗಲಿಯ ಮೇಲೆ ಕೂತರು.

ಅಲ್ಲಿ ಕೂತಾಗಲೇ ಅವರ ಕೊರತೆ ಏನೆಂದು ನನಗೆ ತಿಳಿದದ್ದು. ಕೆಲಸವಿಲ್ಲ ಎಂಬುದು ಅವರ ಕೊರಗಾಗಿರಲಿಲ್ಲ. ಕೆಲಸವನ್ನು ಅವರು ಎಂದೂ ಅಷ್ಟೊಂದು ಹಚ್ಚಿಕೊಂಡವರಲ್ಲ. ಮೂವತ್ತಾರು ವರ್ಷ ಅವರ ಮೇಜಿನ ಮುಂದೆ ಯಾರಾದರೊಬ್ಬರು ಕೈಕಟ್ಟಿ ನಿಂತಿರುತ್ತಿದ್ದರು. ಖಾತೆ ಬದಲಾವಣೆಯವರು, ವಂಶವೃಕ್ಷದವರು, ಸುಮ್ಮನೆ ನಮಸ್ಕಾರ ಹಾಕಿ ಹೋಗುವವರು. ಈಗ ಇವರಿಗಾಗಿ ಕಾಯುವವರು ಯಾರೂ ಇಲ್ಲ. ಸೊಪ್ಪಿನವಳೂ "ಬೇಕಾ ಬೇಡ್ವಾ ಬೇಗ ಹೇಳಿ ಸ್ವಾಮಿ" ಎಂದು ಗಾಡಿ ತಳ್ಳಿಕೊಂಡು ಹೋಗುತ್ತಾಳೆ.

ಅಷ್ಟರಲ್ಲಿ ಅವರ ಪಿಂಚಣಿ ಕಾಗದ ಆಕ್ಷೇಪಣೆ ಹೊತ್ತು ವಾಪಸು ಬಂತು. ಸೇವಾ ಪುಸ್ತಕದಲ್ಲಿ ಹೆಂಡತಿಯ ಹೆಸರಿನ ಕೊನೆಗೆ "ಅಮ್ಮ" ಇದೆ, ಆಧಾರ್ ಕಾರ್ಡಿನಲ್ಲಿ ಇಲ್ಲ. ಇಬ್ಬರೂ ಒಬ್ಬರೇ ಎಂಬುದಕ್ಕೆ ಅಫಿಡವಿಟ್ ಲಗತ್ತಿಸಬೇಕು. ಸಾವಿರಾರು ರೈತರಿಂದ ಇದೇ ಅಫಿಡವಿಟ್ ಬರೆಸಿಕೊಂಡಿದ್ದ ಶಿರಸ್ತೇದಾರರು ಈಗ ಒಳಗೆ ಹೋಗಿ, "ಏನೇ, ನೀನೇ ನೀನು ಅಂತ ನೋಟರಿ ಮುಂದೆ ಬರೆದುಕೊಡಬೇಕಂತೆ" ಎಂದರು.

"ಇಷ್ಟು ವರ್ಷ ಸಂಸಾರ ಮಾಡುವಾಗ ಬರದ ಅನುಮಾನ ಈಗ ಬಂತಾ?" ಎಂದರು ಮನೆಯವರು.

ಅವರು ಸಿಡಿದೇಳುತ್ತಾರೆಂದು ನಾವೆಲ್ಲ ಕಾದೆವು. ಅವರೋ ಆಕ್ಷೇಪಣೆಯ ಕಾಗದವನ್ನು ಬೆಳಕಿಗೆ ಹಿಡಿದು ಮತ್ತೆ ಮತ್ತೆ ಓದಿದರು. ವಿಷಯ, ಉಲ್ಲೇಖ, ಮೂರು ಅಂಶ, ಒಂದರ ಬೆನ್ನಿಗೆ ಒಂದು. ಎಲ್ಲೂ ತಪ್ಪು ಹುಡುಕುವಂತಿರಲಿಲ್ಲ. ಅವರ ಮುಖ ಅರಳಿತು. "ನಮ್ಮ ಹುಡುಗನೇ ಬರೆದಿರೋದು. ನೋಡ್ರೀ, ಎಲ್ಲೂ ಬಿಟ್ಟುಕೊಟ್ಟಿಲ್ಲ! ನಾನೇ ಕಲಿಸಿದ್ದು," ಎಂದು ಬೀದಿಯವರಿಗೆಲ್ಲ ತೋರಿಸಿದರು. ಆ ಹುಡುಗನಿಗೆ ಫೋನು ಮಾಡಿ ಶಹಬಾಸ್‌ಗಿರಿಯನ್ನೂ ಕೊಟ್ಟರು. ಅವನು ಗದ್ಗದಿತನಾಗಿ, "ನಿಮಗಾದರೂ ಪಿಂಚಣಿ ಇದೆ ಸಾರ್, 2006ರ ಏಪ್ರಿಲ್ ಆದಮೇಲೆ ಸೇರಿದ ನಮಗೆ ಎನ್‌ಪಿಎಸ್ಸೇ ಗತಿ" ಎಂದನಂತೆ. ಅಫಿಡವಿಟ್ ಮಾತ್ರ ಬೇಡ ಎನ್ನಲಿಲ್ಲ. ಅದಕ್ಕೂ ಇವರಿಗೆ ಹೆಮ್ಮೆಯೇ.

ಅವರಿಗೆ ಮರುಜೀವ ಬಂದದ್ದು ನವೆಂಬರಿನಲ್ಲಿ. ಪಿಂಚಣಿದಾರರು ತಾವು ಬದುಕಿದ್ದೇವೆಂದು ವರ್ಷಕ್ಕೊಮ್ಮೆ ಸರ್ಕಾರಕ್ಕೆ ರುಜುವಾತು ಮಾಡಬೇಕಾದ ತಿಂಗಳದು. ಈಗ ಅದನ್ನು ಮೊಬೈಲಿನಲ್ಲೂ ಮಾಡಬಹುದು. ಮುಖ ತೋರಿಸಿ, ಕಣ್ಣು ಮಿಟುಕಿಸಿದರೆ ಜೀವಂತ ಪ್ರಮಾಣಪತ್ರ ಸಿದ್ಧ. ಶಿರಸ್ತೇದಾರರು ಸೊಸೆಯಿಂದ ಈ ವಿದ್ಯೆ ಕಲಿತು, ಪಕ್ಕದ ಮನೆಯ ನಿವೃತ್ತ ಮೇಷ್ಟ್ರಿಗೆ ಮಾಡಿಕೊಟ್ಟರು. ಮೇಷ್ಟ್ರು ಒಂದೇ ಕಣ್ಣು ಮಿಟುಕಿಸಿದ್ದರಿಂದ ಮೊಬೈಲು ಮೊದಲು ಒಪ್ಪಲಿಲ್ಲ. ಎರಡೂ ಮಿಟುಕಿಸಿದ ಮೇಲೆ ಅವರು ಅಧಿಕೃತವಾಗಿ ಬದುಕಿದರು. ಸುದ್ದಿ ಪಾರ್ಕಿಗೆ ಮುಟ್ಟಿತು.

ಮರುದಿನ ಬೆಳಿಗ್ಗೆ ಜಗಲಿಯ ಮೇಲೆ ಆರೇಳು ಜನ ಹಿರಿಯರು ಆಧಾರ್, ಪಿಪಿಒ ನಂಬರಿನ ಚೀಟಿ ಹಿಡಿದು ಕೂತಿದ್ದರು. ಒಬ್ಬರು ನಮಸ್ಕಾರವನ್ನೂ ಹಾಕಿದರು. ಬೂಟು ಹಾಕಿಕೊಂಡು ಹೊರಬಂದ ಶಿರಸ್ತೇದಾರರು ಎಲ್ಲರನ್ನೂ ಒಮ್ಮೆ ಕಣ್ತುಂಬ ನೋಡಿದರು. ಒಬ್ಬೊಬ್ಬರಿಗೆ ಐದೇ ನಿಮಿಷದ ಕೆಲಸ. ಹಲ್ಲು ಕಚ್ಚಿ ಕೂತರೆ ಹನ್ನೊಂದಕ್ಕೆಲ್ಲ ಮುಗಿದುಹೋಗುವ ಅಪಾಯವಿತ್ತು. ಮೊದಲ ಮೂವರ ಕಾಗದ ತೆಗೆದುಕೊಂಡು, ಕೆಂಪು ಪೆನ್ನಿನಲ್ಲಿ ಗುರುತು ಹಾಕಿ, ಉಳಿದವರ ಕಡೆ ತಿರುಗಿ ಹೇಳಿದರು:

"ಸರ್ವರ್ ಸ್ವಲ್ಪ ನಿಧಾನ ಇದೆ. ನಾಳೆ ಬನ್ನಿ."